ಹದಿನೇಳನೇ ಹಾಳೆಯ ಅವರೆ ಬಳ್ಳಿ

ಬೊಮ್ಮಣ್ಣನವರಿಗೆ ಆಗಲ್ಲ ಅಂತ ಹೇಳಿ ಬರುವ ಕೆಲಸ ನನ್ನ ಪಾಲಿಗೆ ಬಂತು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಎಂಬತ್ತು ವರ್ಷದ ಮನುಷ್ಯ ಎರಡು ಸಲ ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬಸ್ಸಿನಲ್ಲಿ ಬಂದು ನಮ್ಮ ವರಾಂಡದಲ್ಲಿ ಕೂತು ಹೋಗಿದ್ದಾರೆ, ಎದುರಿಗೆ ಹೋಗಿ ಹೇಳೋದು ಮರ್ಯಾದೆ ಅಂತ ಮುರುಗೇಂದ್ರಪ್ಪ ಸರ್ ಅಂದರು. ಮರ್ಯಾದೆ ಅವರದು, ಬಸ್ಸು ನನ್ನದು.

ನಮ್ಮದು ಎಣ್ಣೆಕಾಳು ಬೆಳೆಗಳ ಒಂದು ಸಣ್ಣ ಸಂಶೋಧನಾ ಕೇಂದ್ರ. ಮುರುಗೇಂದ್ರಪ್ಪ ಸರ್ ಅದರ ಮುಖ್ಯಸ್ಥರು. ನಾನು ಬಿ.ಎಸ್ಸಿ. ಮುಗಿಸಿ ಗುತ್ತಿಗೆ ಮೇಲೆ ಸೇರಿದವಳು. ಹಳೇ ಕಾಗದಪತ್ರ ವಿಂಗಡಿಸಿ ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಹಾಗೆ ವಿಂಗಡಿಸುವಾಗ ಒಂದು ಮರದ ಬೀರುವಿನ ತಳದಲ್ಲಿ ಬಟ್ಟೆ ಸುತ್ತಿದ ಕಟ್ಟು ಸಿಕ್ಕಿತು. ಒಳಗೆ ಮೂವತ್ತೊಂದು ಹಾಳೆ, ಎಲ್ಲವೂ ಕೈಯಲ್ಲಿ ಬರೆದು ಬಣ್ಣ ಹಾಕಿದ ಚಿತ್ರಗಳು. ಶೇಂಗಾ ಗಿಡ, ಅದನ್ನು ತಿನ್ನುವ ಕಂಬಳಿ ಹುಳು, ಆ ಹುಳುವಿನ ಮೊಟ್ಟೆ, ಕೋಶ, ಪತಂಗ. ಔಡಲ, ಅದರ ಕಾಯಿ ಕೊರೆಯುವ ಹುಳು. ಎಳ್ಳು, ಅದರ ಎಲೆ ಮಡಿಸುವ ಹುಳು. ಶೇಂಗಾ ಸಾಲಿನ ನಡುವೆ ಹಾಕುತ್ತಿದ್ದ ಅವರೆ, ತೊಗರಿ. ಒಂದೊಂದು ಹಾಳೆಗೂ ಇಂಗ್ಲಿಷಿನಲ್ಲಿ ಸಂಖ್ಯೆ, ಹೆಸರು, 1936ರಿಂದ 38ರವರೆಗಿನ ಯಾವುದೋ ಒಂದು ತಾರೀಖು. ಆಗ ಈ ಜಾಗದಲ್ಲಿ ಶೇಂಗಾ ಫಾರಂ ಇತ್ತು, ಅದನ್ನು ನೋಡಿಕೊಳ್ಳಲು ಒಬ್ಬ ಇಂಗ್ಲಿಷ್ ದೊರೆ ಇದ್ದ. ಚಿತ್ರ ಬರೆದವರ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ಕಾಲೇಜಿನಲ್ಲಿ ಜೀವಶಾಸ್ತ್ರದ ರೆಕಾರ್ಡ್ ಬರೆಯುವಾಗ, ನೆರಳು ತೋರಿಸಬೇಕಾದರೆ ಪೆನ್ಸಿಲ್ ಉಜ್ಜಬೇಡಿ, ಚುಕ್ಕಿ ಇಡಿ ಅಂತ ಹೇಳಿಕೊಟ್ಟಿದ್ದರು. ಈ ಹಾಳೆಗಳಲ್ಲಿ ಚುಕ್ಕಿ ಇಲ್ಲ. ನೆರಳೆಲ್ಲ ಗೆರೆ. ಉದ್ದಕ್ಕೆ ಒಂದು ಪದರ, ಅಡ್ಡಕ್ಕೆ ಒಂದು ಪದರ, ಕೂದಲಿಗಿಂತ ತೆಳು. ಕಂಬಳಿ ಹುಳುವಿನ ಮೈಮೇಲಿನ ರೋಮ ಒಂದೊಂದೂ ಬೇರೆ ಬೇರೆ. ಭೂತಗನ್ನಡಿ ಹಿಡಿದು ಒಂದು ಮಧ್ಯಾಹ್ನ ಪೂರ್ತಿ ಆ ಒಂದೇ ಹುಳುವನ್ನು ನೋಡಿದ್ದೆ, ಡಬ್ಬಿಯ ಊಟ ಹಾಗೇ ಮನೆಗೆ ವಾಪಸ್ ಹೋಯಿತು. ಆವತ್ತು ಡೈರಿಯಲ್ಲಿ ಬರೆದದ್ದು ಒಂದೇ ಸಾಲು: ಈ ಮನುಷ್ಯನಿಗೆ ಅವಸರ ಇರಲಿಲ್ಲ.

ಹಾಳೆಗಳಿಗೆ ಗಾಜು ಹಾಕಿಸಿ ಕೇಂದ್ರದ ಹಾಲ್‌ನಲ್ಲಿ ತೂಗುಹಾಕುವುದು ಅಂತ ತೀರ್ಮಾನವಾಯಿತು. ಆ ಸುದ್ದಿ ಪೇಪರಿನ ಜಿಲ್ಲಾ ಪುಟದಲ್ಲಿ ಬಂತು. ವಾರದೊಳಗೆ ಆ ತುಂಡನ್ನು ಕತ್ತರಿಸಿ ಹಿಡಿದುಕೊಂಡು ಬೊಮ್ಮಣ್ಣನವರು ಬಂದರು. ಮೊಳಕಾಲ್ಮೂರಿನ ನೇಕಾರರು, ಈಗಲೂ ಮಗ್ಗದಲ್ಲಿ ಕೂರುವವರು. ಈ ಚಿತ್ರ ಬರೆದದ್ದು ತಮ್ಮ ತಂದೆ ಜಂಬುಲಿಂಗಪ್ಪ ಅಂದರು. ರೇಷ್ಮೆ ಸೀರೆ ಕೇಳುವವರಿಲ್ಲದ ಕಾಲದಲ್ಲಿ ಮಗ್ಗ ಬಿಟ್ಟು ಮೂರು ವರ್ಷ ದೊರೆಯ ಹತ್ತಿರ ಹುಳ ಬರೆಯುವ ಕೆಲಸಕ್ಕೆ ಹೋಗುತ್ತಿದ್ದರಂತೆ. ಚಿತ್ರದ ಕೆಳಗೆ ಅಪ್ಪನ ಹೆಸರು ಹಾಕಬೇಕು, ಬೇರೇನೂ ಬೇಡ ಅಂದರು. ಸರ್ ಸುಳ್ಳು ಅನ್ನಲಿಲ್ಲ. ಆದರೆ ಬಾಯಿಮಾತಿನ ಮೇಲೆ ಸರ್ಕಾರದ ಗೋಡೆಗೆ ಹೆಸರು ಹಾಕಲು ಆಗಲ್ಲ, ಏನಾದರೂ ಆಧಾರ ತನ್ನಿ ಅಂದರು. ಎರಡನೇ ಸಲ ಬಂದಾಗಲೂ ಆಧಾರ ಇರಲಿಲ್ಲ.

ಹಾಳೆಗಳೆಲ್ಲ ಗಾಜಿನ ಅಂಗಡಿಗೆ ಹೋದ ಮೇಲೆ, ಕಂಪ್ಯೂಟರಿನಲ್ಲಿದ್ದ ಹದಿನೇಳನೇ ಹಾಳೆಯ ಫೋಟೋ ಸರ್ ಕಣ್ಣಿಗೆ ಬಿತ್ತು. ಕೋಲಿಗೆ ಹಬ್ಬಿದ ಅವರೆ ಬಳ್ಳಿ, ಕಾಯಿಯೊಳಗೆ ಹುಳು. ಅವರೆ ಬಳ್ಳಿ ಎಲ್ಲೇ ಬೆಳೆಯಲಿ, ಕೋಲಿಗೆ ಸುತ್ತುವುದು ಒಂದೇ ಕಡೆ. ಎದುರು ನಿಂತು ನೋಡಿದರೆ ಎಡಗಡೆಯಿಂದ ಬಲಗಡೆಗೆ ಏರುತ್ತದೆ. ಚಿತ್ರದಲ್ಲಿ ಬಲದಿಂದ ಎಡಕ್ಕೆ ಏರಿತ್ತು. ನಾನು ಕ್ವಾರ್ಟರ್ಸ್ ಹಿಂದಿನ ಬೇಲಿಗೆ ಹೋಗಿ ಇದ್ದಬದ್ದ ಬಳ್ಳಿಯನ್ನೆಲ್ಲ ನೋಡಿ ಬಂದೆ. ಸರ್ ಹೇಳಿದ್ದು ಸರಿ.

ಗಿಡ ಮುಂದಿಟ್ಟುಕೊಂಡು ಬರೆದವನು ಈ ತಪ್ಪು ಮಾಡಲ್ಲ ಅಂತ ಅವರ ವಾದ. ಯಾವುದೋ ಪುಸ್ತಕದ ಚಿತ್ರವನ್ನು ತೆಳು ಕಾಗದದಲ್ಲಿ ತೆಗೆದು, ಕಾಗದ ಮಗುಚಿ ಉಜ್ಜಿ ಇಳಿಸಿದ್ದಾರೆ, ಹಾಗೆ ಮಾಡಿದರೆ ಎಡ ಬಲ ಆಗುತ್ತೆ. ಅಂದರೆ ಎಲ್ಲೋ ಆಫೀಸಿನಲ್ಲಿ ಕೂತವರು ನಕಲು ಮಾಡಿದ್ದು, ಫಾರಂಗೆ ಬರುತ್ತಿದ್ದ ನೇಕಾರ ಅಲ್ಲ ಅಂದರು. ಹದಿನೇಳನ್ನು ತೆಗೆದಿಡುವುದು, ಉಳಿದ ಮೂವತ್ತಕ್ಕೆ 'ಚಿತ್ರಕಾರರು ತಿಳಿದಿಲ್ಲ' ಅಂತ ಹಾಕುವುದು. ಚಿತ್ರಗಳ ಕೆಳಗೆ ಅಂಟಿಸುವ ಹೆಸರಿನ ಪಟ್ಟಿಗಳು ಶನಿವಾರ ಅಚ್ಚಿಗೆ ಹೋಗಬೇಕಿತ್ತು. ನಾನು ಮೊಳಕಾಲ್ಮೂರಿಗೆ ಹೊರಟದ್ದು ಗುರುವಾರ.

ಆಂಧ್ರದ ಗಡಿ ಹತ್ತಿರದ ಹಾನಗಲ್ ದಾಟಿದ ಮೇಲೆ ಬಸ್ಸಿನಲ್ಲಿ ತೆಲುಗು ಮಾತು ಜಾಸ್ತಿಯಾಯಿತು. ಹೇಳಬೇಕಾದ ಮಾತನ್ನು ನಾನು ಮನಸ್ಸಿನಲ್ಲಿ ನಾಲ್ಕು ರೀತಿ ಜೋಡಿಸಿಕೊಂಡೆ. ನಾಲ್ಕೂ ಒಂದೇ ಥರ ಕೇಳಿಸುತ್ತಿದ್ದವು.

ಮನೆಯ ಮುಂದಿನ ಕೋಣೆಯೇ ಮಗ್ಗದ ಕೋಣೆ. ಬೊಮ್ಮಣ್ಣನವರ ಸೊಸೆ ಗೀತಮ್ಮ ಬಾಗಿಲ ಬಳಿ ಕೂತು ಲಾಳಿಗೆ ನೂಲು ಸುತ್ತುತ್ತಿದ್ದರು. ನನ್ನನ್ನು ಕಂಡು, "ಬಾರಮ್ಮ, ನಮ್ಮ ಮಾವ ಮದುವೆ ಗಂಡಿನಂಗೆ ಎರಡು ದಿನದಿಂದ ಬಾಗ್ಲು ನೋಡ್ತಾ ಕುಂತವ್ರೆ" ಅಂದರು. ಬೊಮ್ಮಣ್ಣನವರು ಒಗೆದ ಅಂಗಿ ಹಾಕಿಕೊಂಡಿದ್ದರು. ಮಜ್ಜಿಗೆ ಕೊಟ್ಟರು. ಲೋಟ ಖಾಲಿ ಮಾಡಿದೆ. ಆಮೇಲೆ ಜೋಡಿಸಿದ್ದೆಲ್ಲ ಮರೆತು ನೇರ ಹೇಳಿಬಿಟ್ಟೆ: ಹೆಸರು ಹಾಕಲು ಆಗಲ್ಲವಂತೆ, ಅವರೆ ಬಳ್ಳಿ ಉಲ್ಟಾ ಇದೆಯಂತೆ, ಅದು ನಕಲು ಅಂತ ಸರ್ ಹೇಳಿದರು. ಫೋನಿನಲ್ಲಿದ್ದ ಹದಿನೇಳನೇ ಹಾಳೆಯ ಫೋಟೋ ತೋರಿಸಿದೆ.

ಅವರು ಫೋಟೋವನ್ನು ಸರಿಯಾಗಿ ನೋಡಲೇ ಇಲ್ಲ.

"ಅಮ್ಮಾಯಿ, ನಮ್ಮಪ್ಪ ಸೆರಗಿನಾಗೆ ಒಂದೆಳೆ ತಪ್ಪಿದ್ರೆ ಮೊಳಗಟ್ಲೆ ಬಿಚ್ಚಿ ಮತ್ತೆ ನೇಯ್ತಿದ್ದ. ಅವನು ಅವರೆ ಬಳ್ಳಿ ತಪ್ಪು ಬರೀತಾನಾ? ನಿಮ್ಮ ಸಾಹೇಬ್ರು ಅವರೇಕಾಯಿ ತಿಂದವ್ರೋ, ಇಲ್ಲ ಬರೀ ಓದವ್ರೋ?"

ಗೀತಮ್ಮ ನಕ್ಕರು. ಬೊಮ್ಮಣ್ಣನವರು ನಗಲಿಲ್ಲ. ಎದ್ದು ಹೋಗಿ ಮಗ್ಗದ ಗುಂಡಿಗೆ ಇಳಿದು ನೇಯಲು ಶುರು ಮಾಡಿದರು. ನನ್ನ ಕಡೆ ತಿರುಗಲಿಲ್ಲ.

ಬಸ್ಸು ನಾಲ್ಕಕ್ಕೆ. ಆಗ ಎರಡೂವರೆ. ಹೋಗಿ ಸ್ಟ್ಯಾಂಡಿನಲ್ಲಿ ಕೂರೋಣ ಅನ್ನಿಸಿತು, ಆದರೆ ಹಾಗೆ ಎದ್ದು ಹೋಗುವುದು ಸರಿ ಕಾಣಲಿಲ್ಲ. ಗೋಡೆಗೆ ಒರಗಿ ಮಗ್ಗವನ್ನು ನೋಡುತ್ತಾ ಕೂತೆ. ಹಸಿರು ಸೀರೆ. ಅಂಚಿನ ಪಕ್ಕ ಒಂದು ಗಿಳಿ ಮೂಡುತ್ತಿತ್ತು. ಎಳೆಗಳು ಅಲ್ಲಲ್ಲಿ ತೇಲಿಕೊಂಡು ಗಿಳಿ ಒರಟಾಗಿತ್ತು, ಎಡಕ್ಕೆ ಮುಖ ಮಾಡಿದೆ ಅಂತ ಮಾತ್ರ ಗೊತ್ತಾಗುತ್ತಿತ್ತು. ಇಷ್ಟು ಹೆಸರಾದ ಸೀರೆ ಹೀಗಾ ಅಂತ ನನ್ನ ಮುಖದಲ್ಲಿ ಕಂಡಿರಬೇಕು.

"ಮಾವ, ಹುಡುಗಿಗೆ ಮುಖನಾದ್ರೂ ತೋರಿಸ್ರಿ. ಬೈಸ್ಕಳಕ್ಕೆ ಅಷ್ಟು ದೂರದಿಂದ ಬಂದವ್ಳೆ," ಅಂದರು ಗೀತಮ್ಮ. ಅವರು ಕೈ ಬಿಡದೆ ನೇಯುತ್ತಲೇ ಇದ್ದರು. ಗೀತಮ್ಮನೇ ಎದ್ದು ಬಂದು, ನೇಯ್ದು ಸುತ್ತಿದ್ದ ಸೀರೆಯ ಒಂದು ಅಂಚನ್ನು ಎತ್ತಿ ಮಗುಚಿದರು. ಅಲ್ಲಿ ನುಣುಪಾದ ಗಿಳಿ, ಕಣ್ಣು ಕೊಕ್ಕು ಎಲ್ಲ ಅಚ್ಚುಕಟ್ಟು. ಬಲಕ್ಕೆ ಮುಖ.

ಮೇಲೆ ಎಡಕ್ಕೆ ನೋಡುತ್ತಿತ್ತಲ್ಲ ಅಂತ ಕೇಳಿದೆ.

"ಮಗ್ಗದಾಗೆ ಸೀರೆ ಬೋರಲು ಮಲಗಿರ್ತೈತಮ್ಮ. ನಾವು ನೋಡೋದು ಬೆನ್ನು. ಮುಖ ಉಟ್ಕಳೋರಿಗೆ."

ಹಾಗಾದರೆ ನಕ್ಷೆ ಬರೆಯುವಾಗ ಅಂದೆ. ನಕ್ಷೆಯೂ ಬೆನ್ನೇ, ಬಲಕ್ಕೆ ನೋಡುವ ಗಿಳಿ ಬೇಕಾದರೆ ಎಡಕ್ಕೆ ನೋಡುವ ಗಿಳಿ ಬರೆಯಬೇಕು ಅಂತ ಗೀತಮ್ಮ ಸುಲಭವಾಗಿ ಹೇಳಿ ಮತ್ತೆ ಹೋಗಿ ನೂಲು ಸುತ್ತಲು ಕೂತರು.

ನನಗೆ ಕೂರಲು ಆಗಲಿಲ್ಲ. ಗೋಡೆಯ ಮೊಳೆಗೆ ತಲೆ ಬಾಚುವ ಕನ್ನಡಿ ನೇತಾಡುತ್ತಿತ್ತು. ಹದಿನೇಳನೇ ಹಾಳೆಯ ಫೋಟೋ ತೆಗೆದು ಫೋನನ್ನು ಅದರ ಎದುರು ಹಿಡಿದೆ. ಕನ್ನಡಿಯಲ್ಲಿ ಬಳ್ಳಿ ಎಡದಿಂದ ಬಲಕ್ಕೆ ಏರಿತು, ನಮ್ಮ ಬೇಲಿಯ ಬಳ್ಳಿಯ ಹಾಗೆಯೇ. ಹುಳುಗಳಿಗೆ ಎಡ ಬಲ ಒಂದೇ, ಶೇಂಗಾ ಎಲೆಗೂ ಅಷ್ಟೆ. ಮೂವತ್ತೊಂದರಲ್ಲಿ ಗುಟ್ಟು ಬಿಟ್ಟುಕೊಡುವುದು ಈ ಬಳ್ಳಿ ಒಂದೇ.

"ಅಜ್ಜಾ, ಇದು ನಕಲಲ್ಲ," ಅಂದೆ. "ನಿಮ್ಮಪ್ಪ ಬೆನ್ನು ಬರ್ದವ್ರೆ."

ಲಾಳಿ ನಿಂತಿತು. ಅವರು ಗುಂಡಿಯಿಂದ ಮೇಲೆ ಬಂದು, ಕನ್ನಡಕ ಹುಡುಕಿ ಹಾಕಿಕೊಂಡು, ಒಮ್ಮೆ ಫೋನು, ಒಮ್ಮೆ ಕನ್ನಡಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ಟ್ರಂಕಿನಿಂದ ಹಳದಿಯಾದ ಒಂದು ಚೌಕಳಿ ಹಾಳೆ ತಂದರು. ಅಪ್ಪ ಬರೆದ ಸೆರಗಿನ ನಕ್ಷೆ, ಉಳಿದಿರುವುದು ಅದೊಂದೇ. ಅದರ ಎಡಮೂಲೆಯ ತುದಿಯಲ್ಲಿ ರಾಗಿಕಾಳಿನಷ್ಟು ಒಂದು ಕೆಂಪು ಬೊಟ್ಟು. ಬೆನ್ನು ಬರೆದ ಹಾಳೆಗೆ ಅವರ ಮನೆಯಲ್ಲಿ ಹೀಗೆ ಬೊಟ್ಟು ಇಡುತ್ತಿದ್ದರಂತೆ. ಇದನ್ನು ಮಗುಚಿ ನೋಡಿಕೋ ಅಂತ ನೇಯುವವನಿಗೆ ಗುರುತು.

ಬೊಮ್ಮಣ್ಣನವರು ಹಾಳೆ ಹಿಡಿದುಕೊಂಡೇ ಇನ್ನೊಂದು ಸಂಗತಿ ಹೇಳಿದರು. ಅವರು ಹುಟ್ಟುವ ಮೊದಲಿನದು, ಅವ್ವ ಹೇಳಿದ್ದು. ದೊರೆಯ ಪುಸ್ತಕ ಅಚ್ಚಾಗಿ ಒಂದು ಪ್ರತಿ ಅಂಚೆಯಲ್ಲಿ ಮನೆಗೆ ಬಂತಂತೆ. ಅಪ್ಪ ಹಾಳೆ ತಿರುವಿ ನೋಡಿ, ಮುಚ್ಚಿಟ್ಟು, ಮಾರನೇ ದಿನ ಮಗ್ಗಕ್ಕೆ ಇಳಿದರಂತೆ. ಫಾರಂಗೆ ಮತ್ತೆ ಹೋಗಲಿಲ್ಲ. ಪುಸ್ತಕ ಏನಾಯಿತೋ ಗೊತ್ತಿಲ್ಲ.

"ದೊರೆ ಏನೋ ಅಂದಿರ್ಬೇಕು ಅಂತ ನಮ್ಮವ್ವ ಸಾಯೋ ತನಕ ಅವನನ್ನ ಬೈತಿದ್ಲು," ಅಂದರು. ನಕ್ಷೆಯ ಬೊಟ್ಟಿನ ಮೇಲೆ ಬೆರಳಿಟ್ಟು, "ಅವನು ಏನೂ ಅಂದಿರ್ಲಿಲ್ಲ ಅಂತ ಕಾಣ್ತೈತೆ. ಅಚ್ಚು ಹಾಕೋರು ಮಗುಚಿ ಹಾಕ್ತಾರೆ ಅಂತ ಅಪ್ಪ ಅಂದ್ಕೊಂಡವ್ನೆ. ಅವರಿಗೇನ್ ಗೊತ್ತು ನಮ್ಮನೆ ಬೊಟ್ಟು, ಹಂಗೇ ಹಾಕವ್ರೆ, ಬಳ್ಳಿ ಉಲ್ಟಾ ಬಂದೈತೆ."

ನಿಮ್ಮ ಹಾಳೆಗಳಲ್ಲೂ ಬೊಟ್ಟು ಇರಬೇಕು, ಇದ್ದರೆ ಹೆಸರು ಹಾಕಿ. ಇಲ್ಲದಿದ್ದರೆ ನಾನೂ ಇನ್ನು ಕೇಳಲು ಬರಲ್ಲ ಅಂದು, ನಕ್ಷೆಯನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು. ಹಾಳೆಗಳ ಪಟ್ಟಿ ಮಾಡುವಾಗ 'ಸ್ಥಿತಿ' ಅನ್ನುವ ಕಾಲಮ್ಮಿನಲ್ಲಿ 'ಮೂಲೆಯಲ್ಲಿ ಕಲೆ' ಅಂತ ನಾನು ಬರೆದಿದ್ದೆ. ಎಷ್ಟು ಹಾಳೆಗೆ ಬರೆದೆ, ಯಾವ ಮೂಲೆ, ಯಾವ ಬಣ್ಣ, ಒಂದೂ ನೆನಪಾಗಲಿಲ್ಲ. ಶಾಯಿಯ ಕಲೆ ಅಂದುಕೊಂಡಿದ್ದೆ. ಫೋಟೋ ತೆಗೆಯುವಾಗಲೂ ಅಂಚು ಕತ್ತರಿಸಿಯೇ ತೆಗೆದಿದ್ದೆ. ಅದಕ್ಕಿಂತ ಮುಖ್ಯ, ಕಲೆ ಕಾಣದ ಹಾಗೆ ಕಟ್ಟಿಕೊಡಿ ಅಂತ ಗಾಜಿನ ಅಂಗಡಿಗೆ ಚೀಟಿ ಬರೆದುಕೊಟ್ಟವಳು ನಾನೇ.

ಶುಕ್ರವಾರ ಅಂಗಡಿ ತೆಗೆಯುವ ಹೊತ್ತಿಗೇ ಹೋದೆ. ಚಳ್ಳಕೆರೆ ಪೇಟೆಯಲ್ಲಿ ಗಾಜು, ಫೋಟೋ ಫ್ರೇಮು ಕಟ್ಟುವ ಬುಡೇನ್ ಸಾಬ್ ಅವರದು ನಲವತ್ತು ವರ್ಷದ ಅಂಗಡಿ. ಮೂವತ್ತೊಂದೂ ಫ್ರೇಮು ಪೇಪರು ಸುತ್ತಿ ಸಾಲಾಗಿ ನಿಲ್ಲಿಸಿದ್ದರು. ಹದಿನೇಳನ್ನು ಬಿಚ್ಚಬೇಕು ಅಂದೆ.

"ಏನ್ ಬೇಟಿ, ಮೊಳೆ ಹೊಡೆದು ಹೊಡೆದು ಕೈ ಸೋತೈತೆ. ಈಗ ಬಿಚ್ಚು ಅಂತೀಯಾ?"

ಕಲೆ ನೋಡಬೇಕು ಅಂದೆ. ಮುಚ್ಚು ಅಂತ ಚೀಟಿ ಕೊಟ್ಟವಳೂ ನೀನೇ, ನೋಡಬೇಕು ಅನ್ನುವವಳೂ ನೀನೇ ಅಂತ ಗೊಣಗುತ್ತಾ ಇಕ್ಕಳ ತೆಗೆದುಕೊಂಡು ಹಿಂದಿನ ಮೊಳೆ ಒಂದೊಂದೇ ಕಿತ್ತರು. ಗಾಜು ಬಂತು, ಸುತ್ತಲಿನ ಬಿಳಿ ರಟ್ಟು ಬಂತು. ರಟ್ಟಿನ ಕೆಳಗೆ, ಹಾಳೆಯ ಎಡಮೂಲೆಯ ತುದಿಯಲ್ಲಿ, ರಾಗಿಕಾಳಿನಷ್ಟು ಕೆಂಪು ಬೊಟ್ಟು. ನಾನು ಬೊಮ್ಮಣ್ಣನವರ ನಕ್ಷೆಯನ್ನು ಪಕ್ಕದಲ್ಲಿಟ್ಟೆ. ಬಣ್ಣ ಒಂದೇ, ಅಂಚಿನಿಂದ ಬಿಟ್ಟ ಜಾಗವೂ ಒಂದೇ.

"ಇದಾ? ಇದು ಎಲ್ಲಾದ್ರಲ್ಲೂ ಐತೆ," ಅಂದರು ಬುಡೇನ್ ಸಾಬ್. "ಒಂದನ್ನ ಒದ್ದೆ ಬಟ್ಟೇಲಿ ಒರೆಸಿ ನೋಡ್ದೆ, ಹೋಗ್ಲಿಲ್ಲ. ಅದಕ್ಕೇ ರಟ್ಟು ಅಗಲ ಕೊಯ್ದಿದ್ದು."

ಯಾವುದನ್ನು ಒರೆಸಿದಿರಿ ಅಂತ ಕೇಳುವ ಧೈರ್ಯ ನನಗೆ ಆಗಲಿಲ್ಲ. ಇನ್ನೂ ನಾಲ್ಕು ಬಿಚ್ಚಿಸಿ ನೋಡಿದೆ. ನಾಲ್ಕರಲ್ಲೂ ಇತ್ತು. ಎಲ್ಲಕ್ಕೂ ಬೊಟ್ಟು ಕಾಣುವ ಹಾಗೆ ರಟ್ಟು ಸಣ್ಣಗೆ ಕೊಯ್ದು ಮತ್ತೆ ಕಟ್ಟಿಕೊಡಿ ಅಂದಾಗ ಅವರು ಟೀ ತರಿಸಿಕೊಂಡು ಕುಡಿದರು. ಆಮೇಲೆ ಭಾನುವಾರ ಬಾ ಅಂದರು.

ಹದಿನೇಳನೇ ಹಾಳೆಯನ್ನೂ ನಕ್ಷೆಯನ್ನೂ ಕೇಂದ್ರಕ್ಕೆ ತಂದೆ. ಮುರುಗೇಂದ್ರಪ್ಪ ಸರ್ ಭೂತಗನ್ನಡಿಯಲ್ಲಿ ಎರಡೂ ಬೊಟ್ಟು ನೋಡಿದರು. ನಕ್ಷೆಯಲ್ಲಿ ಚೌಕ ತುಂಬಿದ ಗೆರೆಗಳನ್ನೂ ಹದಿನೇಳರ ಎಲೆಯ ನೆರಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ನಾನು ಗಿಳಿಯ ವಿಷಯ ಹೇಳಿದೆ. ಅವರು ಮೊದಲು ಒಪ್ಪಿದ್ದು ಅರ್ಧ. ಹೆಸರು ಹಾಕೋಣ, ಆದರೆ ಹದಿನೇಳು ಬೇಡ. ಹಾಲ್‌ಗೆ ರೈತರು ಬರುತ್ತಾರೆ, ಶಾಲೆ ಮಕ್ಕಳು ಬರುತ್ತಾರೆ, ತಪ್ಪು ಚಿತ್ರ ತೂಗುಹಾಕಿ ಏನು ಪಾಠ ಹೇಳೋದು ಅಂದರು. ಆಯಿತು ಸರ್ ಅಂತ ಬಾಗಿಲವರೆಗೆ ಬಂದೆ. ಬಾಗಿಲಲ್ಲಿ ನಿಂತೆ.

"ಸರ್, ಹದಿನೇಳು ಇಲ್ಲದೆ ಹೆಸರು ಹಾಕಿದ್ರೆ, ಹೆಂಗೆ ಗೊತ್ತು ಅಂತ ಕೇಳಿದೋರಿಗೆ ಏನ್ ತೋರ್ಸೋದು?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹಾಗಾದರೆ ತಪ್ಪು ಅಂತ ಚಿತ್ರದ ಕೆಳಗೇ ಬರೆಯಬೇಕಾಗುತ್ತೆ, ಅದನ್ನು ಆ ಮನುಷ್ಯ ಒಪ್ಪಬೇಕು ಅಂದರು. ಹಾಲ್ ತೆರೆಯುವ ದಿನ ಊರೆಲ್ಲ ಸೇರಿದಾಗ ನಮ್ಮಪ್ಪನ ಮರ್ಯಾದೆ ತೆಗೆದಿರಿ ಅಂತ ಎದ್ದು ನಿಂತರೆ ಯಾರು ಸಮಾಧಾನ ಮಾಡೋದು? ಅವರು ಒಪ್ಪಿದರೆ ಹೆಸರೂ ಹದಿನೇಳೂ ಎರಡೂ ಇರಲಿ. ಒಪ್ಪದಿದ್ದರೆ ಎರಡೂ ಬೇಡ.

ನಾನು ಬರೆದೆ. 'ಈ ಹಾಳೆಯಲ್ಲಿ ಅವರೆ ಬಳ್ಳಿ ಸುತ್ತಿರುವ ದಿಕ್ಕಿನಲ್ಲಿ ವ್ಯತ್ಯಾಸವಿದೆ' ಅಂತ ಶುರು ಮಾಡಿದ್ದೆ. ಸರ್ ವ್ಯತ್ಯಾಸ ಹೊಡೆದು ಹಾಕಿ ತಪ್ಪು ಅಂತ ಬರೆದರು.

ನಾನು ಫೋನ್ ಮಾಡಿ ಕರೆದಿದ್ದಕ್ಕೆ ಶನಿವಾರ ಹನ್ನೊಂದಕ್ಕೆ ಬೊಮ್ಮಣ್ಣನವರು ಬಂದರು. ಗೀತಮ್ಮನೂ ಜೊತೆಗಿದ್ದರು, ಮಾವನನ್ನು ಒಬ್ಬರೇ ಕಳಿಸಿದರೆ ನಿಮ್ಮ ಸಾಹೇಬರ ಹತ್ತಿರ ಜಗಳ ಆಡಿಕೊಂಡು ಬರುತ್ತಾರೆ ಅಂತ ನನ್ನ ಕಿವಿಯಲ್ಲಿ ಹೇಳಿದರು. ಸರ್ ಕುರ್ಚಿ ಹಾಕಿಸಿದರು, ಬೊಟ್ಟು ಇತ್ತು ಅಂತ ತಾವೇ ಹೇಳಿದರು. ಬೊಮ್ಮಣ್ಣನವರು ತಲೆಯಾಡಿಸಿದರು, ಇರುತ್ತೆ ಅಂತ ಗೊತ್ತಿದ್ದವರ ಹಾಗೆ. ಆಮೇಲೆ ಸರ್ ನನಗೆ ಓದು ಅಂದರು. ನಾನು ನಿಂತು ಓದಿದೆ.

"ಈ ಹಾಳೆಯಲ್ಲಿ ಅವರೆ ಬಳ್ಳಿ ಸುತ್ತಿರುವ ದಿಕ್ಕು ತಪ್ಪು. ಚಿತ್ರವನ್ನು ಬೆನ್ನಿನ ಕಡೆಯಿಂದ ನೋಡಿದಂತೆ ಬರೆಯಲಾಗಿದೆ. ಮೂಲೆಯ ಕೆಂಪು ಬೊಟ್ಟು ಅದರ ಗುರುತು. ಚಿತ್ರಕಾರ: ಜಂಬುಲಿಂಗಪ್ಪ, ಮೊಳಕಾಲ್ಮೂರು."

ಬೊಮ್ಮಣ್ಣನವರು ಇನ್ನೊಂದು ಸಲ ಓದು ಅಂದರು. ಓದಿದೆ. ಅವರು ನೆಲ ನೋಡುತ್ತಾ ಕೇಳಿದರು. ಗೀತಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ತಪ್ಪು ಅನ್ನುವುದು ನಿಮಗೆ ಬೇಸರ ಅನ್ನಿಸಿದರೆ ಈಗಲೇ ಹೇಳಿಬಿಡಿ, ಇಡೀ ವಿಷಯ ಇಲ್ಲಿಗೇ ಬಿಡೋಣ ಅಂದರು ಸರ್.

"ತಪ್ಪು ಅಂತ ಇರ್ಲಿ ಸ್ವಾಮಿ. ಅವನೇ ಪುಸ್ತಕ ನೋಡಿ ಒಪ್ಕೊಂಡು ಕೆಲಸ ಬಿಟ್ಟವ್ನೆ, ನಾನ್ಯಾಕೆ ಇಲ್ಲ ಅನ್ಲಿ," ಅಂದರು ಬೊಮ್ಮಣ್ಣನವರು. ಆಮೇಲೆ ನನ್ನ ಕಡೆ ತಿರುಗಿದರು. "ಚಿತ್ರಕಾರ ಅಂತ ಬರ್ದಿದ್ದೀಯಲ್ಲ ಅಮ್ಮಾಯಿ. ಚಿತ್ರಕಾರ ಆಗಿದ್ರೆ ಇದು ಬರೀ ತಪ್ಪು. ನೇಕಾರ ಅಂತ ಬರಿ. ಯಾಕೆ ತಪ್ಪಿದ ಅಂತ ನೋಡಿದೋರಿಗೆ ಗೊತ್ತಾಗ್ಲಿ."

ನೇಕಾರ ಅಂದರೆ ಚಿತ್ರ ಯಾರದು ಅಂತ ಜನ ಕೇಳುವುದಿಲ್ಲವೇ, ನೇಕಾರ ಮತ್ತು ಚಿತ್ರಕಾರ ಅಂತ ಎರಡೂ ಹಾಕೋಣ ಅಂದರು ಸರ್. ಬೊಮ್ಮಣ್ಣನವರು ಒಪ್ಪಲಿಲ್ಲ. ಮೂರು ವರ್ಷ ಹುಳ ಬರೆದ, ನಲವತ್ತು ವರ್ಷ ನೇಯ್ದ, ಒಂದೇ ಸಾಕು ಅಂದರು. ಗೀತಮ್ಮ ನನ್ನನ್ನು ನೋಡಿ, ಹೇಳಿದೆನಲ್ಲ ಅನ್ನುವ ಹಾಗೆ ಹುಬ್ಬು ಏರಿಸಿದರು.

ಸರ್ ಚಿತ್ರಕಾರ ಅನ್ನುವುದನ್ನು ಹೊಡೆದು, 'ಬರೆದವರು: ಜಂಬುಲಿಂಗಪ್ಪ, ನೇಕಾರರು' ಅಂತ ತಿದ್ದಿ ಸಹಿ ಹಾಕಿದರು. ನಾನು ಕಂಪ್ಯೂಟರಿನ ಮುಂದೆ ಕೂತು ಮೂವತ್ತೊಂದೂ ಪಟ್ಟಿಗಳನ್ನು ಒಂದೊಂದಾಗಿ ತಿದ್ದಿದೆ. ಮಾವ ಸೊಸೆ ಇಬ್ಬರೂ ಹಿಂದೆ ನಿಂತು ನೋಡಿದರು. ಕೊನೆಯದು ಆಗುವವರೆಗೂ ಕದಲಲಿಲ್ಲ.